ಕೊಯ್ಯದ ಕತ್ತಿಯೂ ಅನರ್ಥದಂಡವ್ರತವೂ

ಶ್ರಾವಕನಿಗೆ ವಿಧಿಸಿರುವ ಹನ್ನೆರಡು ವ್ರತಗಳಲ್ಲಿ ಐದು ಅಣುವ್ರತಗಳು, ಮೂರು ಗುಣವ್ರತಗಳು, ನಾಲ್ಕು ಶಿಕ್ಷಾವ್ರತಗಳು. ಅಣುವ್ರತಗಳನ್ನು ಕುರಿತು ಗೃಹಸ್ಥರಲ್ಲಿ ತಕ್ಕಮಟ್ಟಿನ ತಿಳಿವಳಿಕೆಯುಂಟು. ಕೊಲ್ಲಬಾರದು, ಹುಸಿಯಾಡಬಾರದು, ಕದಿಯಬಾರದು ಎಂಬುದನ್ನು ಮನೆಯ ಮಕ್ಕಳೂ ಹೇಳಬಲ್ಲರು. ಗುಣವ್ರತಗಳ ವಿಷಯ ಹಾಗಿಲ್ಲ. ಅನರ್ಥದಂಡವ್ರತದ ಹೆಸರನ್ನು ಪರ್ವದಿನಗಳ ಪ್ರವಚನದಲ್ಲಿ ಕೇಳಿ, ಬಸದಿಯ ಮೆಟ್ಟಿಲಿಳಿಯುವಷ್ಟರಲ್ಲಿ ಮರೆಯುವವರೇ ಹೆಚ್ಚು.

ಅರ್ಥವೆಂದರೆ ಪ್ರಯೋಜನ. ದಂಡವೆಂದರೆ ಮನ ವಚನ ಕಾಯಗಳ ಪಾಪಪ್ರವೃತ್ತಿ. ಜೀವನೋಪಾಯಕ್ಕಾಗಿ, ಕುಟುಂಬರಕ್ಷಣೆಗಾಗಿ ಗೃಹಸ್ಥನು ಮಾಡಲೇಬೇಕಾದ ಕೆಲವು ಆರಂಭಗಳಿವೆ. ಅವುಗಳಲ್ಲಿ ಹಿಂಸೆಯು ತಪ್ಪದು. ಯಾವ ಪ್ರಯೋಜನವೂ ಇಲ್ಲದೆ, ಕೇವಲ ವಿನೋದಕ್ಕಾಗಿ, ಎಚ್ಚರಗೇಡಿತನದಿಂದ ಕಟ್ಟಿಕೊಳ್ಳುವ ಪಾಪಕ್ಕೆ ಅನರ್ಥದಂಡವೆಂದು ಹೆಸರು. ಅದರಿಂದ ಹಿಂದೆಗೆಯುವುದೇ ಈ ವ್ರತ.

ಈ ವ್ರತದ ಮರ್ಮವನ್ನು ತಿಳಿಯಲು ಇಂದಿನ ದಿನಗಳಲ್ಲಿ ಮನೆಮನೆಗೆ ಬರುತ್ತಿರುವ ಒಂದು ಸಣ್ಣ ವಸ್ತುವು ಸಾಕು. ಅದು ಕಡಲ್ಗಳ್ಳರ ಕತ್ತಿಯ ಅನುಕರಣೆ. ಮಕ್ಕಳ ವೇಷಕ್ಕಾಗಿ ಅದನ್ನು ಪ್ಲಾಸ್ಟಿಕ್ಕಿನಿಂದ ಮಾಡುವರು. ದೊಡ್ಡವರು ಗೋಡೆಯ ಮೇಲೆ ತೂಗುಹಾಕುವುದಕ್ಕೆ ಮಂಡ ಅಲುಗಿನ ಉಕ್ಕಿನಿಂದ ಮಾಡಿ, ಹಿಡಿಗೆ ಚಿನ್ನದ ಬಣ್ಣ ಬಳಿದು, ತಲೆಬುರುಡೆಯ ಚಿತ್ರವನ್ನು ಕೆತ್ತುವರು. ಅಮೆರಿಕ, ಇಂಗ್ಲೆಂಡುಗಳಲ್ಲಿ ಅಕ್ಟೋಬರ್ 31ರ ಹ್ಯಾಲೊವೀನ್ ದಿನ ಮಕ್ಕಳು ಬಗೆಬಗೆಯ ವೇಷ ಧರಿಸಿ ಮನೆಮನೆಗೆ ಹೋಗುವ ರೂಢಿಯಿದೆ. ಆ ವೇಷಗಳಲ್ಲಿ ಕಡಲ್ಗಳ್ಳನ ವೇಷವು ಬಹು ಪ್ರಸಿದ್ಧ. ಅಲ್ಲಿ ನೆಲೆಸಿರುವ ಜೈನ ಕುಟುಂಬಗಳ ಮಕ್ಕಳೂ ಸಹಪಾಠಿಗಳೊಡನೆ ಆ ವೇಷ ತೊಡುವರು. 2024ರಲ್ಲಿ ಹ್ಯಾಲೊವೀನೂ ದೀಪಾವಳಿಯೂ ಒಂದಕ್ಕೊಂದು ಅಂಟಿಕೊಂಡೇ ಬಂದವು. ಮಹಾವೀರಸ್ವಾಮಿಯ ನಿರ್ವಾಣಕಲ್ಯಾಣದ ದೀಪ ಬೆಳಗುವ ಮನೆಗೆ ಅದೇ ಹೊತ್ತಿನಲ್ಲಿ ಕಳ್ಳನ ಕತ್ತಿಯೂ ಬಂದಿತು.

“ಅದು ಕೊಯ್ಯುವುದಿಲ್ಲವಲ್ಲ, ಆಟದ ಸಾಮಾನಿನಿಂದ ಯಾವ ಜೀವಕ್ಕೆ ಹಾನಿ?” ಎಂದು ಕೇಳುವವರುಂಟು. ಈ ಪ್ರಶ್ನೆಯನ್ನು ತಿರಸ್ಕರಿಸಬೇಕಾಗಿಲ್ಲ. ಇದಕ್ಕೆ ಉತ್ತರ ಹುಡುಕಿದವನಿಗೆ ಅಹಿಂಸಾವ್ರತದ ಆಳವೂ ಕಾಣುವುದು.

ಮೊದಲು ಆ ಕತ್ತಿಯ ನಿಜಸ್ವರೂಪವನ್ನು ನೋಡಬೇಕು. ಕಟ್ಲಾಸ್ ಎಂದು ಕರೆಯಲ್ಪಡುವ ಇದು ಉದ್ದವಾದ ರಣಖಡ್ಗವಲ್ಲ. ಅಲುಗಿನ ಉದ್ದ ಎರಡು ಅಡಿಗಿಂತ ತುಸು ಹೆಚ್ಚು. ಅಗಲವಾದ ಒಂದೇ ಬಾಯಿ, ತುದಿಯತ್ತ ಅಲ್ಪ ಬಾಗು, ಮುಷ್ಟಿಯನ್ನು ಮುಚ್ಚುವ ಲೋಹದ ಕವಚ. ಹಡಗಿನ ಮೇಲೆ ಹಗ್ಗಗಳ ಜಾಲ, ಇಕ್ಕಟ್ಟಾದ ಅಟ್ಟ, ತಗ್ಗಾದ ಚಾವಣಿ. ಅಂತಹ ಕಡೆ ಉದ್ದನೆಯ ಕತ್ತಿ ತೊಡರಿಕೊಳ್ಳುತ್ತದೆ. ಗಿಡ್ಡ ಕತ್ತಿಯಾದರೆ ಮೈಗೆ ಮೈ ತಾಗುವಷ್ಟು ಹತ್ತಿರದಿಂದ ಬೀಸಬಹುದು. ವಿಶೇಷ ಅಭ್ಯಾಸವೂ ಬೇಕಿಲ್ಲ. ಯುದ್ಧನೌಕೆಗಳ ನಾವಿಕರೂ ಇದನ್ನು ಬಳಸಿದರು. ಆದರೆ ಇಂದು ಅಲಂಕಾರಕ್ಕೆಂದು ಮಾರುವ ಕತ್ತಿಗೆ ನಾವಿಕನ ಹೆಸರಿಲ್ಲ, ಕಳ್ಳನ ಹೆಸರಿದೆ. ಹಿಡಿಯ ಮೇಲಿನ ತಲೆಬುರುಡೆಯು ಅವರ ಕಪ್ಪು ಬಾವುಟದ ಚಿಹ್ನೆ. ಎದುರಿನ ಹಡಗಿನವರು ಮೃತ್ಯುವನ್ನು ಕಂಡಂತೆ ನಡುಗಿ, ಹೋರಾಡದೆ ಶರಣಾಗಲಿ ಎಂಬುದೇ ಆ ಚಿಹ್ನೆಯ ಉದ್ದೇಶವಾಗಿತ್ತು. ಪರಜೀವಿಗೆ ಭಯವನ್ನುಂಟುಮಾಡುವುದಕ್ಕಾಗಿಯೇ ಹುಟ್ಟಿದ ಗುರುತು ಅದು. ಅಭಯದಾನವನ್ನು ದಾನಗಳಲ್ಲಿ ಶ್ರೇಷ್ಠವೆಂದು ಎಣಿಸುವ ಕುಲದ ಗೋಡೆಯ ಮೇಲೆ ಅದು ತೂಗುತ್ತಿದ್ದರೆ ನೋಡಿದವರು ಏನೆಂದುಕೊಳ್ಳಬೇಕು?

ಆ ಕತ್ತಿಗಳು ಯಾರ ಮೇಲೆ ಎರಗಿದವು ಎಂಬುದಕ್ಕೆ ಇತಿಹಾಸವು ಸಾಕ್ಷಿಯಿದೆ. 1695ರ ಸೆಪ್ಟೆಂಬರ್ ತಿಂಗಳಲ್ಲಿ ಹೆನ್ರಿ ಎವೆರಿ ಎಂಬ ಆಂಗ್ಲ ಕಡಲ್ಗಳ್ಳನು ಔರಂಗಜೇಬನ ಗಂಜ್-ಇ-ಸವಾಯಿ ಎಂಬ ದೊಡ್ಡ ಹಡಗನ್ನು ಅಡ್ಡಗಟ್ಟಿದನು. ಅದು ಮೆಕ್ಕಾ ಯಾತ್ರಿಕರನ್ನು ಹೊತ್ತು ಸೂರತ್ತಿಗೆ ಮರಳುತ್ತಿದ್ದಿತು. ತೀರ್ಥಯಾತ್ರೆ ಮುಗಿಸಿ ಬರುತ್ತಿದ್ದ ನಿರಾಯುಧರಾದ ಜನರನ್ನು ದಿನಗಟ್ಟಲೆ ಹಿಂಸಿಸಿ, ಅವರ ಧನವನ್ನು ದೋಚಿದರು. ಸ್ತ್ರೀಯರ ಮೇಲೆ ನಡೆದ ಅತ್ಯಾಚಾರವು ಬಾಯಲ್ಲಿ ಆಡುವಂಥದಲ್ಲ. ಯಾತ್ರಿಕರು ಯಾವ ಮತದವರಾದರೇನು? ನೋವು ಎಲ್ಲ ಜೀವಕ್ಕೂ ಒಂದೇ.

ವಿಲಿಯಂ ಕಿಡ್ ಎಂಬವನ ವೃತ್ತಾಂತವು ಇನ್ನೂ ವಿಚಾರಯೋಗ್ಯವಾದುದು. ಅವನು ಕಡಲ್ಗಳ್ಳರನ್ನು ಹಿಡಿಯುವುದಕ್ಕೆಂದು ಇಂಗ್ಲೆಂಡಿನ ದೊರೆಯಿಂದ ಅಧಿಕಾರಪತ್ರ ಪಡೆದು 1696ರಲ್ಲಿ ಹೊರಟವನು. 1697ರಲ್ಲಿ ಅವನ ಹಡಗು ಕನ್ನಡನಾಡಿನ ಕಾರವಾರಕ್ಕೂ ಬಂದು ನಿಂತಿತ್ತು. ಅಲ್ಲಿ ಆಗ ಆಂಗ್ಲರ ಕೋಠಿಯಿತ್ತು. ಅದೇ ವರ್ಷ ಅಕ್ಟೋಬರ್ ತಿಂಗಳ ಕೊನೆಯಲ್ಲಿ ಹಡಗಿನ ಮೇಲೆ ವಿಲಿಯಂ ಮೂರ್ ಎಂಬ ತನ್ನದೇ ಆಳಿನೊಡನೆ ಮಾತಿಗೆ ಮಾತು ಬೆಳೆಯಿತು. ಕೋಪದ ಭರದಲ್ಲಿ ಕಿಡ್ಡನು ಹತ್ತಿರದಲ್ಲಿದ್ದ, ಕಬ್ಬಿಣದ ಪಟ್ಟಿ ಬಿಗಿದ ಮರದ ಬಕೆಟ್ಟಿನಿಂದ ಅವನ ತಲೆಗೆ ಹೊಡೆದನು. ಮೂರನು ಮರುದಿನ ಸತ್ತನು. ಬಳಿಕ 1698ರ ಆರಂಭದಲ್ಲಿ ಭಾರತದ ಪಶ್ಚಿಮ ಕರಾವಳಿಯ ಕಡಲಿನಲ್ಲಿ ಕಿಡ್ಡನು ರೇಷ್ಮೆ, ಮಸ್ಲಿನ್ ಮೊದಲಾದ ಸರಕು ತುಂಬಿದ್ದ ಕ್ವೆಡಾ ಮರ್ಚೆಂಟ್ ಎಂಬ ಹಡಗನ್ನು ವಶಪಡಿಸಿಕೊಂಡನು. ತಾನು ಕಳ್ಳನಲ್ಲವೆಂದು ಅವನು ವಾದಿಸಿದರೂ ಲಂಡನ್ನಿನ ನ್ಯಾಯಾಲಯವು ಕೊಲೆಯಲ್ಲಿಯೂ ಕಳವಿನಲ್ಲಿಯೂ ಅಪರಾಧಿಯೆಂದು ತೀರ್ಮಾನಿಸಿತು. 1701ರ ಮೇ 23ರಂದು ಅವನನ್ನು ಗಲ್ಲಿಗೇರಿಸಿ, ಶವವನ್ನು ಥೇಮ್ಸ್ ನದಿಯ ದಡದಲ್ಲಿ ಹೋಗಿಬರುವ ಹಡಗಿನವರಿಗೆ ಎಚ್ಚರಿಕೆಯಾಗಲೆಂದು ತೂಗುಹಾಕಿದರು.

ಇಲ್ಲಿ ಬಕೆಟ್ಟನ್ನು ಗಮನಿಸಬೇಕು. ನೀರು ತುಂಬುವುದಕ್ಕೆಂದು ಮಾಡಿದ ವಸ್ತು ಅದು. ಅದರಲ್ಲಿ ಬಾಯಿಲ್ಲ, ಮೊನೆಯಿಲ್ಲ. ಕ್ರೋಧಕಷಾಯವು ಉದಯಿಸಿದ ಕ್ಷಣದಲ್ಲಿ ಅದೇ ಖಡ್ಗವಾಯಿತು. ಹಾಗಾದರೆ ಕೊಲ್ಲುವ ಶಕ್ತಿಯಿದ್ದುದು ಎಲ್ಲಿ? ರಾಗಾದಿ ಕಷಾಯಗಳ ಉತ್ಪತ್ತಿಯೇ ಹಿಂಸೆ, ಅವುಗಳ ಅನುತ್ಪತ್ತಿಯೇ ಅಹಿಂಸೆ ಎಂಬ ಅಭಿಪ್ರಾಯವನ್ನು ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ವಿಸ್ತಾರವಾಗಿ ಪ್ರತಿಪಾದಿಸಿದ್ದಾರೆ. ಭಾವಹಿಂಸೆಯು ಮೊದಲು, ದ್ರವ್ಯಹಿಂಸೆಯು ಬಳಿಕ.

ಬಕೆಟ್ಟು ಒಂದು ಕಡೆಯ ದೃಷ್ಟಾಂತವಾದರೆ ಹಿಟ್ಟಿನ ಕೋಳಿಯು ಇನ್ನೊಂದು ಕಡೆಯ ದೃಷ್ಟಾಂತ. ಸೋಮದೇವಸೂರಿಗಳು 959ರಲ್ಲಿ ಯಶಸ್ತಿಲಕಚಂಪುವಿನಲ್ಲಿಯೂ ಜನ್ನಕವಿಯು 1209ರಲ್ಲಿ ಕನ್ನಡದ ಯಶೋಧರಚರಿತೆಯಲ್ಲಿಯೂ ಹೇಳಿರುವ ಆ ಕಥೆಯನ್ನು ಅರಿಯದ ಜೈನಗೃಹವಿಲ್ಲ. ಉಜ್ಜಯಿನಿಯ ಯಶೋಧರನಿಗೆ ಅವನ ತಾಯಿ ಚಂದ್ರಮತಿಯು ದುಃಸ್ವಪ್ನದ ಪರಿಹಾರಕ್ಕಾಗಿ ದೇವಿಗೆ ಪ್ರಾಣಿಬಲಿ ಕೊಡೆಂದಳು. ಮಗನು ಒಲ್ಲೆನೆಂದನು. ತಾಯಿಯು ಬಿಡಲಿಲ್ಲ. ಕೊನೆಗೆ ಹಿಟ್ಟಿನ ಕೋಳಿಯನ್ನು ಮಾಡಿ ಕೊಯ್ಯುವುದೆಂದು ಇಬ್ಬರೂ ಒಪ್ಪಿದರು. ಜೀವವಿಲ್ಲದ ಕೋಳಿ, ರಕ್ತವಿಲ್ಲದ ಬಲಿ. ಅಂದಿನ ಅವರ ಸಮಾಧಾನವೂ “ಯಾವ ಜೀವಕ್ಕೆ ಹಾನಿ?” ಎಂಬುದೇ ಆಗಿದ್ದಿತು.

ಫಲವೇನಾಯಿತು? ತಾಯಿಮಕ್ಕಳಿಬ್ಬರೂ ಯಶೋಧರನ ರಾಣಿ ಅಮೃತಮತಿಯಿಂದ ವಿಷವುಂಡು ಸತ್ತು, ನವಿಲು ನಾಯಿಗಳೇ ಮೊದಲಾದ ತಿರ್ಯಗ್ಗತಿಗಳಲ್ಲಿ ಭವಭವಕ್ಕೂ ನರಳಿದರು. ತಿರ್ಯಗ್ಜನ್ಮಗಳ ಕೊನೆಯಲ್ಲಿ ಅವರು ಕೋಳಿಗಳಾಗಿಯೇ ಹುಟ್ಟಿದರು. ಹಿಟ್ಟಿನ ಕೋಳಿಯನ್ನು ಕೊಯ್ದವರಿಗೆ ರಕ್ತಮಾಂಸದ ಕೋಳಿಯ ದೇಹ ದೊರೆಯಿತು. ಆ ಕೈಯು ಬೀಸಿದ್ದು ಹಿಟ್ಟಿನ ಮೇಲಾದರೂ ಮನಸ್ಸು ಬೀಸಿದ್ದು ಕೋಳಿಯ ಮೇಲೆ. ಆಕಾರವನ್ನು ಕಂಡು ಜೀವವೆಂದು ಸಂಕಲ್ಪಿಸಿ ಕೊಂದುದರಿಂದ ಸಂಕಲ್ಪಹಿಂಸೆಯಾಯಿತು. ಮುಂದೆ ಅವರೇ ಅಭಯರುಚಿ, ಅಭಯಮತಿ ಎಂಬ ಅಣ್ಣತಂಗಿಯರಾಗಿ ಹುಟ್ಟಿ, ಬಾಲ್ಯದಲ್ಲಿಯೇ ವ್ರತ ಹಿಡಿದು, ಮಾರಿದತ್ತರಾಜನು ಚಂಡಮಾರಿಗೆ ಬಲಿ ಕೊಡಲು ತರಿಸಿದಾಗ ತಮ್ಮ ಭವಾವಳಿಯನ್ನು ಹೇಳಿದರು. ಅದನ್ನು ಕೇಳಿ ಮಾರಿದತ್ತನು ಹಿಂಸೆಯನ್ನು ತೊರೆದನು. ಕಾಗದದ ಮೇಲಿನ ಉಪದೇಶಕ್ಕಿಂತ ಈ ಕಥೆಯು ಬಲವಾದುದು. ಕೃತಕ ಕೋಳಿಗೆ ಒಪ್ಪುವ ನ್ಯಾಯವು ಕೃತಕ ಕತ್ತಿಗೂ ಒಪ್ಪುತ್ತದೆ. ಪ್ಲಾಸ್ಟಿಕ್ಕಿನ ಕತ್ತಿಯನ್ನು ಬೀಸಿ “ಕೊಂದೆ” ಎಂದು ಕೂಗುವ ಬಾಲಕನೂ ಗಾಳಿಯನ್ನು ಕೊಲ್ಲುವುದಿಲ್ಲ. ಮನಸ್ಸಿನೊಳಗೆ ಒಬ್ಬ ಮನುಷ್ಯನನ್ನು ನಿಲ್ಲಿಸಿಕೊಂಡು ಕೊಲ್ಲುತ್ತಾನೆ. ಬಾಲಕನ ಕಷಾಯವು ಮಂದವಾದುದು, ಯಶೋಧರನ ಸಂಕಲ್ಪದಷ್ಟು ದೃಢವಲ್ಲ ಎಂಬುದು ನಿಜ. ಆದುದರಿಂದ ಬಂಧವೂ ಅಷ್ಟಕ್ಕಷ್ಟೆ. ಆದರೆ ತಿಳಿದೂ ತಿಳಿದೂ ಆ ಸಾಧನವನ್ನು ಹಣ ಕೊಟ್ಟು ತಂದು ಮಗುವಿನ ಕೈಗಿಡುವ ಹಿರಿಯರಿಗೆ ಆ ರಿಯಾಯಿತಿಯಿಲ್ಲ.

ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡವನ್ನು ಐದು ಬಗೆಯಾಗಿ ವಿಂಗಡಿಸಿದ್ದಾರೆ: ಪಾಪೋಪದೇಶ, ಹಿಂಸಾದಾನ, ಅಪಧ್ಯಾನ, ದುಃಶ್ರುತಿ, ಪ್ರಮಾದಚರ್ಯೆ. ಈ ಒಂದು ಕತ್ತಿಯ ಸುತ್ತ ಐದೂ ಹೇಗೆ ನೆರೆಯುತ್ತವೆ ಎಂಬುದನ್ನು ನೋಡಬಹುದು.

ಕೊಡಲಿ, ಖಡ್ಗ, ಗುದ್ದಲಿ, ಬೆಂಕಿ, ವಿಷ, ಸಂಕೋಲೆ ಮೊದಲಾದ ಹಿಂಸೆಯ ಉಪಕರಣಗಳನ್ನು ಪರರಿಗೆ ಕೊಡುವುದು ಹಿಂಸಾದಾನ. ಹುಟ್ಟುಹಬ್ಬಕ್ಕೆ, ಗೃಹಪ್ರವೇಶಕ್ಕೆ ಅಲಂಕಾರದ ಕತ್ತಿಯನ್ನು ಉಡುಗೊರೆಯಾಗಿ ಕೊಡುವವನು ಹಿಂಸೆಯ ಸಾಧನವನ್ನಲ್ಲದಿದ್ದರೂ ಹಿಂಸೆಯ ರೂಪವನ್ನು ದಾನ ಮಾಡುತ್ತಾನೆ. ಅಲ್ಲದೆ ಗೋಡೆಗೆಂದು ಮಾಡಿದ ಉಕ್ಕಿನ ಅಲುಗು ಮಂಡಾದರೂ ಮೊನೆಯುಳ್ಳದ್ದು, ತೂಕವುಳ್ಳದ್ದು. ಕೋಪದ ಘಳಿಗೆಯಲ್ಲಿ ಬಕೆಟ್ಟೇ ಆಯುಧವಾಗುವಾಗ ಕೈಗೆಟಕುವಲ್ಲಿರುವ ಕತ್ತಿಯನ್ನು ಕುರಿತು ಹೇಳಬೇಕಾದುದಿಲ್ಲ.

ಪರರ ವಧೆ, ಬಂಧನ, ಅಂಗಚ್ಛೇದನಗಳನ್ನು ಚಿಂತಿಸುವುದು ಅಪಧ್ಯಾನ. ಕಡಲ್ಗಳ್ಳನ ಆಟದಲ್ಲಿ ಇವೇ ಆಟದ ಮೆಟ್ಟಿಲುಗಳು. ಚಿತ್ತವನ್ನು ಕದಡುವ ಕಥೆಗಳನ್ನು ಕೇಳುವುದು ದುಃಶ್ರುತಿ. ಕಿಡ್ಡನ ಶವವು ತೂಗಿದ ಬಳಿಕ ನೂರಾರು ವರ್ಷಗಳಲ್ಲಿ ಅಂತಹ ಕಳ್ಳರು ವಿನೋದದ ನಾಯಕರಾದರು. 1883ರಲ್ಲಿ ಪುಸ್ತಕವಾಗಿ ಬಂದ ಸ್ಟೀವನ್‌ಸನ್ನರ ನಿಧಿದ್ವೀಪದ ಕಥೆ, 1904ರಲ್ಲಿ ರಂಗಕ್ಕೆ ಬಂದ ಪೀಟರ್ ಪ್ಯಾನ್ ನಾಟಕ, 2003ರಿಂದ ಬಂದ ಕೆರಿಬಿಯನ್ ಕಡಲ್ಗಳ್ಳರ ಚಲನಚಿತ್ರಗಳು ಆ ವೇಷವನ್ನು ಲೋಕಪ್ರಿಯಗೊಳಿಸಿದವು. ಕಥೆಗಾರನ ಜಾಣ್ಮೆಯನ್ನು ಅಲ್ಲಗಳೆಯಬೇಕಾಗಿಲ್ಲ. ಕಳ್ಳನ ಕುಶಲತೆ ಮೆಚ್ಚುಗೆಯಾಗಿ ಉಳಿದು, ಕಳೆದುಕೊಂಡವನ ಗೋಳು ಮರೆಯಾಗುವುದೇ ಅಲ್ಲಿನ ಅಪಾಯ. ಅಚೌರ್ಯಾಣುವ್ರತವನ್ನು ಪಾಲಿಸುವವನು ಕಳವನ್ನು ಮಾಡುವುದಿಲ್ಲ, ಮಾಡಿಸುವುದಿಲ್ಲ. ಕಳವಿನ ಅನುಮೋದನೆಯೂ ಅವನಿಗೆ ಸಲ್ಲದು. ವೇಷ ತೊಟ್ಟು ನಲಿಯುವುದೂ ಒಂದು ಬಗೆಯ ಅನುಮೋದನೆಯೇ. ಮಗುವಿಗೆ ದೋಚುವುದು ಶೌರ್ಯವೆಂಬ ಪಾಠವಾದರೆ ಅದು ಪಾಪೋಪದೇಶ. ನಿಷ್ಪ್ರಯೋಜನವಾಗಿ ವಸ್ತುವನ್ನು ಕೊಳ್ಳುವುದು, ಒಂದು ಸಂಜೆ ಆಡಿ ಎಸೆಯುವುದು ಪ್ರಮಾದಚರ್ಯೆ. ವಿಕಾರವಾದ ಅಂಗಚೇಷ್ಟೆಯಿಂದ ನಗಿಸುವ ಕೌತ್ಕುಚ್ಯವನ್ನೂ ಆಚಾರ್ಯರು ಈ ವ್ರತದ ಅತಿಚಾರಗಳಲ್ಲಿ ಎಣಿಸಿರುವುದನ್ನು ಇಲ್ಲಿ ನೆನೆಯಬೇಕು.

ಇದಕ್ಕೆ ಒಂದು ಆಕ್ಷೇಪವುಂಟು. ಜೈನರ ಇತಿಹಾಸದಲ್ಲಿಯೂ ಖಡ್ಗವಿಲ್ಲವೆ? ಶ್ರವಣಬೆಳಗೊಳದಲ್ಲಿ ಗೊಮ್ಮಟೇಶ್ವರನನ್ನು ನಿಲ್ಲಿಸಿದ ಚಾವುಂಡರಾಯನು ಗಂಗರ ದಂಡನಾಯಕನಲ್ಲವೆ? ಶಾಲೆಯ ಛದ್ಮವೇಷದಲ್ಲಿ ಮಕ್ಕಳು ಕಿತ್ತೂರು ಚೆನ್ನಮ್ಮನಾಗಿ ಕತ್ತಿ ಹಿಡಿಯುವುದಿಲ್ಲವೆ? ಈ ಆಕ್ಷೇಪಕ್ಕೆ ಶಾಸ್ತ್ರದಲ್ಲಿಯೇ ಸಮಾಧಾನವಿದೆ. ಹಿಂಸೆಯು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ನಾಲ್ಕು ತೆರ. ಇವುಗಳಲ್ಲಿ ಗೃಹಸ್ಥನು ಮೊದಲನೆಯದನ್ನು ಪೂರ್ಣವಾಗಿ ಬಿಡತಕ್ಕದ್ದು. ಉಳಿದವುಗಳನ್ನು ಶಕ್ತ್ಯನುಸಾರ ಕಡಿಮೆ ಮಾಡತಕ್ಕದ್ದು. ನಾಡಿನ ರಕ್ಷಣೆಗಾಗಿ, ದುರ್ಬಲರ ರಕ್ಷಣೆಗಾಗಿ ಹಿಡಿದ ಖಡ್ಗವು ವಿರೋಧೀ ಹಿಂಸೆಗೆ ಸೇರಿದ್ದು. ಅದರಲ್ಲಿಯೂ ಪಾಪವಿಲ್ಲದೆ ಇಲ್ಲ. ಆದುದರಿಂದಲೇ ಚಾವುಂಡರಾಯನು ನಿಲ್ಲಿಸಿದ್ದು ಖಡ್ಗಧಾರಿಯ ವಿಗ್ರಹವನ್ನಲ್ಲ. ಗೆದ್ದ ರಾಜ್ಯವನ್ನೂ ಬಿಟ್ಟು, ಕೈಗಳನ್ನು ಬರಿದಾಗಿ ಇಳಿಬಿಟ್ಟು ನಿಂತ ಬಾಹುಬಲಿಯ ವಿಗ್ರಹವನ್ನು. ಭರತ ಬಾಹುಬಲಿಗಳ ನಡುವೆ ಸೇನೆಗಳು ಸಾಯದಿರಲೆಂದು ಮಂತ್ರಿಗಳು ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳನ್ನು ಗೊತ್ತುಮಾಡಿದರು. ಭರತನು ಸೋತ ಕೋಪದಿಂದ ಎಸೆದ ಚಕ್ರರತ್ನವೂ ಬಾಹುಬಲಿಯನ್ನು ಕೊಲ್ಲದೆ ಸುತ್ತು ಬಂದು ನಿಂತಿತು. ಕಡಲ್ಗಳ್ಳನ ಕತ್ತಿಯು ಇಂತಹ ಯಾವ ಆಶ್ರಯವನ್ನೂ ಪಡೆಯಲಾರದು. ಅದು ರಕ್ಷಣೆಗಲ್ಲ, ಉದ್ಯೋಗಕ್ಕಲ್ಲ, ಅಡುಗೆಗಲ್ಲ. ಪರಧನಕ್ಕಾಗಿ ಪರಪ್ರಾಣವನ್ನು ತೆಗೆಯುವ ಸಂಕಲ್ಪವೇ ಅದರ ಅರ್ಥ.

ಕಡಲ್ಗಳ್ಳರು ಜೈನವ್ರತಕಥೆಗೂ ಹೊಸಬರಲ್ಲ. ಅಷ್ಟಾಹ್ನಿಕಪರ್ವದಲ್ಲಿ ಸಿದ್ಧಚಕ್ರದ ಆರಾಧನೆ ಮಾಡುವವರು ಶ್ರೀಪಾಲ ಮೈನಾಸುಂದರಿಯರ ಕಥೆಯನ್ನು ಕೇಳಿಯೇ ಇರುತ್ತಾರೆ. ಧವಳಶ್ರೇಷ್ಠಿಯ ಹಡಗುಗಳ ಮೇಲೆ ಸಮುದ್ರದಲ್ಲಿ ಕಳ್ಳರು ಬಿದ್ದಾಗ ಶ್ರೀಪಾಲನು ಅವರನ್ನು ಸೋಲಿಸಿ ಶ್ರೇಷ್ಠಿಯನ್ನು ಬಿಡಿಸಿದನು. ಸೋತವರನ್ನು ಕೊಲ್ಲದೆ ಕ್ಷಮಿಸಿದನು. ಮುಂದೆ ಅದೇ ಶ್ರೇಷ್ಠಿಯು ಶ್ರೀಪಾಲನ ಪತ್ನಿಗೆ ಆಸೆಪಟ್ಟು, ಉಪಕಾರಿಯನ್ನೇ ಮೋಸದಿಂದ ಕಡಲಿಗೆ ಕೆಡಹಿಸಿದನು. ಕತ್ತಿ ಹಿಡಿದ ಕಳ್ಳರು ಕ್ಷಮೆಗೆ ಪಾತ್ರರಾದರು. ಕತ್ತಿಯಿಲ್ಲದ ಸಾಹುಕಾರನು ಅವರಿಗಿಂತ ದೊಡ್ಡ ಕಳ್ಳನಾದನು. ಶ್ರೀಪಾಲನಾದರೋ ಸಿದ್ಧಪರಮೇಷ್ಠಿಗಳನ್ನು ನೆನೆಯುತ್ತ ದಡ ಸೇರಿದನು. ಆದುದರಿಂದ ಗೋಡೆಯ ಕತ್ತಿಯನ್ನು ಇಳಿಸಿದ ಮಾತ್ರಕ್ಕೆ ವ್ರತವು ಮುಗಿಯುವುದಿಲ್ಲ. ತಕ್ಕಡಿಯಲ್ಲಿ, ಲೆಕ್ಕದ ಪುಸ್ತಕದಲ್ಲಿ, ಅಣ್ಣತಮ್ಮಂದಿರ ಪಾಲಿನಲ್ಲಿ ಅಡಗಿರುವ ಕತ್ತಿಯನ್ನೂ ಶ್ರಾವಕನು ನೋಡಿಕೊಳ್ಳಬೇಕು.

ಹಾಗಾದರೆ ಹೊರಗಿನ ವಸ್ತುವನ್ನು ಏಕೆ ಬಿಡಬೇಕು, ಭಾವವೊಂದನ್ನೇ ತಿದ್ದಿಕೊಂಡರೆ ಸಾಲದೆ ಎಂದರೆ, ಭಾವಕ್ಕೆ ನಿಮಿತ್ತವು ಬೇಕು. ಜಿನಬಿಂಬವು ಶಿಲೆಯೇ ಆದರೂ ಅದರ ದರ್ಶನದಿಂದ ವೀತರಾಗಭಾವವು ಮೂಡುತ್ತದೆ ಎಂದು ನಂಬಿ ನಿತ್ಯವೂ ದರ್ಶನ ಮಾಡುವವನು, ಕಳ್ಳನ ಕತ್ತಿಯ ದರ್ಶನದಿಂದ ಏನೂ ಆಗುವುದಿಲ್ಲ ಎಂದು ಹೇಳಲಾರನು. ಜಿನೇಂದ್ರನಿಗೆ ಶತ್ರುವಿಲ್ಲ, ಭಯವಿಲ್ಲ. ಆದುದರಿಂದ ಆ ಕೈಯಲ್ಲಿ ಆಯುಧವಿಲ್ಲ. ದಿನವೂ ಕಣ್ಣಿಗೆ ಬೀಳುವ ರೂಪವು ದಿನವೂ ಒಂದಿಷ್ಟು ಪಾಠವನ್ನು ಹೇಳುತ್ತದೆ.

ಇನ್ನು ಆಚರಣೆಯ ಮಾತು. ಅಡುಗೆಮನೆಯ ಚಾಕು, ಈಳಿಗೆಮಣೆ, ಹೊಲದ ಕುಡುಗೋಲು ಗೃಹಸ್ಥನಿಗೆ ಬೇಕಾದವು. ಅವುಗಳನ್ನು ಕೆಲಸ ಮುಗಿದೊಡನೆ ತೊಳೆದು ಒರಸಿ, ಮಕ್ಕಳ ಕೈಗೆ ಸಿಗದಂತೆ ಇಡುವುದು ವ್ರತದ ಒಂದು ಅಂಗ. ಬೇಡವಾದ ಕತ್ತಿ ಈಗಾಗಲೇ ಮನೆಯಲ್ಲಿದ್ದರೆ ಅದನ್ನು ಇನ್ನೊಬ್ಬರಿಗೆ ಉಡುಗೊರೆ ಕೊಟ್ಟು ಕೈ ತೊಳೆಯಬಾರದು. ಅದು ಪಾಪವನ್ನು ಪಕ್ಕದ ಮನೆಗೆ ಸಾಗಿಸಿದಂತೆ. ಮುರಿದು, ಕತ್ತಿಯ ಆಕಾರವಳಿಸಿ ಗುಜರಿಗೆ ಹಾಕುವುದು ಲೇಸು.

ಮಗುವಿನ ಕೈಯಲ್ಲಿದ್ದರೆ ಮಾತ್ರ ಹೆಚ್ಚಿನ ಎಚ್ಚರ ಬೇಕು. ಮಗುವಿನ ಕೈಯಿಂದ ಕತ್ತಿಯನ್ನು ಗದರಿ ಕಸಿದುಕೊಂಡು, ಅದು ಅಳುವಂತೆ ಮಾಡಿದ ತಂದೆಯು ಆಟದ ಕತ್ತಿಯನ್ನು ತೆಗೆದು ನಿಜವಾದ ಕತ್ತಿಯನ್ನು ಬೀಸಿದಂತಾಯಿತು. ಕ್ರೋಧದಿಂದ ಕಲಿಸಿದ ಅಹಿಂಸೆಯು ಮಗುವಿನ ಮನಸ್ಸಿನಲ್ಲಿ ನಿಲ್ಲುವುದಿಲ್ಲ. ಅಜ್ಜಿಯು ಮಗುವನ್ನು ಹತ್ತಿರ ಕೂರಿಸಿಕೊಂಡು ಹಿಟ್ಟಿನ ಕೋಳಿಯ ಕಥೆಯನ್ನೋ ಶ್ರೀಪಾಲನ ಸಮುದ್ರಯಾನವನ್ನೋ ಹೇಳಲಿ. ದೋಚಲ್ಪಟ್ಟ ಹಡಗಿನಲ್ಲಿಯೂ ಅದರಂತಹ ಒಂದು ಮಗುವಿದ್ದಿರಬಹುದೆಂದು ನೆನಪಿಸಲಿ. ವೇಷವೇ ಬೇಕೆಂದರೆ ಕಡಲನ್ನು ದಾಟಿಸುವ ನಾವಿಕನ ವೇಷವಿದೆ, ದಾರಿ ತೋರಿಸುವ ದೀಪಸ್ತಂಭದ ಕಾವಲುಗಾರನ ವೇಷವಿದೆ. ಸಹಪಾಠಿಗಳ ಮುಂದೆ ನಾಚಿಕೊಳ್ಳದಂತೆ ಅದನ್ನು ಚೆನ್ನಾಗಿ ಹೊಲಿಸಿಕೊಡುವ ಶ್ರಮವನ್ನು ಹಿರಿಯರು ಪಡಬೇಕು. ಬೇಡವೆನ್ನುವುದು ಸುಲಭ, ಅದರ ಬದಲು ಒಳ್ಳೆಯದೊಂದನ್ನು ಕೊಡುವುದರಲ್ಲಿ ವಾತ್ಸಲ್ಯವಿದೆ.

ಅಷ್ಟಮಿ ಚತುರ್ದಶಿಗಳಲ್ಲಿ ಪ್ರೋಷಧೋಪವಾಸ ಮಾಡುವವರು, ದಶಲಕ್ಷಣ ಅಷ್ಟಾಹ್ನಿಕಗಳಲ್ಲಿ ಏಕಾಶನ ಮಾಡುವವರು ಆಹಾರತ್ಯಾಗದ ಜೊತೆಗೆ ಒಂದು ಚಿಕ್ಕ ನಿಯಮವನ್ನು ಹಿಡಿಯಬಹುದು. ಆ ದಿನ ಮನೆಯನ್ನೊಮ್ಮೆ ಸುತ್ತಿ, ಪ್ರಯೋಜನವಿಲ್ಲದೆ ಹಿಂಸೆಯನ್ನೋ ಲೋಭವನ್ನೋ ನೆನಪಿಸುವ ಒಂದೊಂದು ವಸ್ತುವನ್ನು ಬಿಡುವುದು; ಹಾಗೆಯೇ ಪರರ ಕೇಡನ್ನು ಚಿಂತಿಸುವ ಒಂದೊಂದು ಯೋಚನೆಯನ್ನು ಗುರುತಿಸಿ ಬಿಡುವುದು. ಉಪವಾಸವೆಂದರೆ ಆತ್ಮನ ಸಮೀಪದಲ್ಲಿ ವಾಸ. ಹೊಟ್ಟೆಯು ಬರಿದಾಗಿದ್ದು ಮನಸ್ಸು ಯುದ್ಧದಿಂದ ತುಂಬಿದ್ದರೆ ಅದು ಲಂಘನವಾದೀತೇ ಹೊರತು ಉಪವಾಸವಾಗದು.

ಹ್ಯಾಲೊವೀನಿನ ಸಂಜೆ ಕಳೆಯುತ್ತದೆ, ಕಾರ್ತಿಕದ ಅಷ್ಟಾಹ್ನಿಕವು ಬರುತ್ತದೆ. ಆ ಎಂಟು ದಿನಗಳು ಬರುವ ಹೊತ್ತಿಗೆ ಗೋಡೆಯು ಬರಿದಾಗಿರಲಿ, ಕೈಯು ಬರಿದಾಗಿರಲಿ. ಬರಿದಾದ ಕೈಯನ್ನು ಕಂಡು ಯಾವ ಜೀವಿಯೂ ಅಂಜುವುದಿಲ್ಲ. ಬೆಳಗೊಳದ ಬೆಟ್ಟದ ಮೇಲೆ ಬಾಹುಬಲಿಸ್ವಾಮಿಯು ಸಾವಿರ ವರ್ಷಗಳಿಂದ ಲೋಕಕ್ಕೆ ತೋರುತ್ತಿರುವುದು ಆ ಬರಿಗೈಯನ್ನೇ. ಅದನ್ನು ಕಂಡು ಬಾಳುವ ಶ್ರಾವಕ ಶ್ರಾವಿಕೆಯರಿಂದ ಸಕಲ ಜೀವರಾಶಿಗೂ ಅಭಯ ದೊರೆಯಲಿ.